ನಗರಸಭೆಯ ಠರಾವಿನಿಂದ ರೈಲು ಉಳಿಯುತ್ತದೆಯೇ?

ಕಾರವಾರದ ದೂರದ ರೈಲು ರದ್ದಾಗದಂತೆ ತಡೆಯಲು ನಗರಸಭೆಯ ಠರಾವು ಸಾಕೇ ಎಂದು ಕೇಳಿದ್ದೀರಿ. ಸಾಲದು. ತೀರ್ಮಾನ ರೈಲ್ವೆ ಮಂಡಳಿಯದು. ಠರಾವು ಅಲ್ಲಿ ಬರೀ ಮನವಿ. ಆದರೆ 1990ರಲ್ಲಿ ನಮ್ಮ ಕರಾವಳಿ ಮಾರ್ಗದ ಕೊಂಕಣ ರೈಲ್ವೆ ನಿಗಮ ಹುಟ್ಟಿದಾಗ ಕರ್ನಾಟಕವೂ ಹಣ ಹಾಕಿ ಪಾಲುದಾರನಾಯಿತು. ಆ ಮಾತನ್ನು ನಮ್ಮವರು ಗಟ್ಟಿಯಾಗಿ ಎತ್ತುವುದೇ ಇಲ್ಲ! ಕುಮಟಾ, ಹೊನ್ನಾವರ, ಭಟ್ಕಳದವರೂ ಠರಾವು ಮಾಡಿ ಜಿಲ್ಲಾಧಿಕಾರಿಗಳ ಮೂಲಕ ರಾಜ್ಯ ಸರ್ಕಾರಕ್ಕೆ ಕಳುಹಿಸಲಿ. ಪ್ರತಿಗಳು ಸಂಸದರಿಗೂ ನವಿ ಮುಂಬೈನ ಬೇಲಾಪುರದಲ್ಲಿರುವ ನಿಗಮದ ಕಚೇರಿಗೂ ಹೋಗಲಿ.

ಅಮೆರಿಕದಲ್ಲಿ ಸೌತ್‌ವೆಸ್ಟ್ ಚೀಫ್ ಎಂಬ ದೂರದ ರೈಲನ್ನು ಉಳಿಸಿಕೊಳ್ಳಲು ಗಾರ್ಡನ್ ಸಿಟಿಯಂತಹ ಸಣ್ಣ ಊರುಗಳು ಹಳಿ ದುರಸ್ತಿಗೆ ಸ್ವಂತ ಹಣವನ್ನೂ ಕೊಟ್ಟವು. ನಮ್ಮ ನಗರಸಭೆಯಿಂದ ಅದು ಆಗದ ಮಾತು. ಆದರೆ ರೈಲಿನ ವೇಳೆಗೆ ಸರಿಯಾಗಿ ಶಿರವಾಡದಲ್ಲಿರುವ ಕಾರವಾರ ರೈಲು ನಿಲ್ದಾಣಕ್ಕೆ ಬಸ್ ಬರುವಂತೆ ಸಾರಿಗೆ ಸಂಸ್ಥೆಯನ್ನು ಒತ್ತಾಯಿಸಬಹುದಲ್ಲ? ಪ್ರಯಾಣಿಕರ ಸಂಖ್ಯೆ ಹೆಚ್ಚಿದರೆ ಮನವಿಗೂ ತೂಕ ಬರುತ್ತದೆ.