ಮಗ ‘ಬುಸ್’ ಅಂದರೆ ತಪ್ಪೇನಲ್ಲ

ಇಂಗ್ಲೆಂಡಿನ ಲೀಡ್ಸ್‌ನಿಂದ ಕಾಗದ ಬರೆದ ಓದುಗರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೆ ಗೊತ್ತಾಗಲಿ ಅಂತ ನಿಮ್ಮ ಕಾಗದದಲ್ಲಿ ಇರುವುದನ್ನು ನಾಲ್ಕು ಮಾತಲ್ಲಿ ಹೇಳುತ್ತೇನೆ. ನೀವು ಮಂಡ್ಯ ಕಡೆಯವರು. ಲೀಡ್ಸ್ ಇರುವ ಯಾರ್ಕ್‌ಷೈರಿಗೆ ಹೋಗಿ 6 ವರ್ಷ ಆಯಿತು. 8 ವರ್ಷದ ಮಗ ಅಲ್ಲಿನ ಶಾಲೆಗೆ ಹೋಗುತ್ತಾನೆ. ಅವನು ಬಸ್ಸಿಗೆ ‘ಬುಸ್’ ಅನ್ನುತ್ತಾನೆ, ಕಪ್ಪಿಗೆ ‘ಕುಪ್’ ಅನ್ನುತ್ತಾನೆ, ನಿಮ್ಮನ್ನು ‘ಮುಮ್’ ಅಂತ ಕರೆಯುತ್ತಾನೆ. ಹೌಸ್ ಅನ್ನುವಾಗ ಹಕಾರ ಬಿಟ್ಟು ‘ಔಸ್’. ಏನೂ ಇಲ್ಲ ಅನ್ನುವುದಕ್ಕೆ ‘ನೌಟ್’. ಊರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತರಾದ ನಿಮ್ಮ ತಂದೆ ವಿಡಿಯೊ ಕಾಲ್‌ನಲ್ಲಿ ಇದನ್ನು ಕೇಳಿ, ‘ಇಂಗ್ಲೆಂಡಿನಲ್ಲೇ ಬೆಳೆದೂ ಹುಡುಗನಿಗೆ ಸರಿಯಾದ ಇಂಗ್ಲಿಷ್ ಬರಲಿಲ್ಲವಲ್ಲ’ ಎಂದು ನೊಂದುಕೊಂಡರು. ಅವತ್ತಿನಿಂದ ನೀವು ಅವನ ಮಾತು ಮಾತಿಗೂ ತಿದ್ದುತ್ತಿದ್ದೀರಿ. ಉಚ್ಚಾರಣೆ ಕಲಿಸುವ ಟ್ಯೂಷನ್ನಿಗೆ ಹಾಕೋಣ್ವಾ ಅಂತ ನನ್ನನ್ನು ಕೇಳಿದ್ದೀರಿ.

ಹಾಕಬೇಡಿ.

ಯಾಕೆ ಅಂತ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಕಾಗದದ ಕೊನೆಗೆ ನೀವು ಸುಮ್ನೆ ಸೇರಿಸಿದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. ‘ಇತ್ತೀಚೆಗೆ ಅವನು ಮನೆಯಲ್ಲಿ ಮಾತಾಡುವುದೇ ಕಮ್ಮಿ’ ಎಂದು ಬರೆದಿದ್ದೀರಿ. ನಿಮ್ಮ ನಿಜವಾದ ಕಷ್ಟ ಇದು ಅಂತ ನನಗೆ ಅನ್ನಿಸುತ್ತದೆ, ಬುಸ್ಸೂ ಅಲ್ಲ ಕುಪ್ಪೂ ಅಲ್ಲ.

ಮೊದಲು ಆ ‘ಬುಸ್’ ವಿಷಯಕ್ಕೆ ಬರೋಣ. ನಾವೆಲ್ಲ ಶಾಲೆಯಲ್ಲಿ ಮೇಷ್ಟ್ರನ್ನು ಒಂದು ಪ್ರಶ್ನೆ ಕೇಳಿದವರೇ: ಪಿ ಯು ಟಿ ಪುಟ್ ಆದರೆ ಬಿ ಯು ಟಿ ಯಾಕೆ ಬಟ್? ಹೆಚ್ಚಿನ ಮೇಷ್ಟ್ರು ‘ಇಂಗ್ಲಿಷೇ ಹಾಗೆ, ಬಾಯಿಪಾಠ ಮಾಡು’ ಅನ್ನುತ್ತಿದ್ದರು. ಉತ್ತರ ಇದೆ. ಒಂದು ಕಾಲದಲ್ಲಿ ಇಂಗ್ಲೆಂಡಿನವರು ಎರಡನ್ನೂ ಒಂದೇ ಥರ ಹೇಳುತ್ತಿದ್ದರು, ಪುಟ್, ಬುಟ್. 17ನೇ ಶತಮಾನದಲ್ಲಿ ಲಂಡನ್ ಮತ್ತು ದಕ್ಷಿಣದ ಕಡೆ ಈ ಉಕಾರ ಎರಡಾಗಿ ಒಡೆಯಿತು. ಪುಟ್, ಫುಲ್, ಬುಶ್ ಹಳೇ ಉಕಾರದಲ್ಲೇ ಉಳಿದವು. ಬಟ್, ಕಪ್, ಲವ್ ಹೊಸ ಕಡೆಗೆ ಹೋದವು. ಈ ಬದಲಾವಣೆ ಉತ್ತರಕ್ಕೆ ಬರಲಿಲ್ಲ. ಯಾರ್ಕ್‌ಷೈರಿನವರು ಇವತ್ತಿಗೂ ಪುಟ್, ಬುಟ್ ಅನ್ನುತ್ತಾರೆ. ಅಂದರೆ ನಿಮ್ಮ ಮಗನ ಬಾಯಲ್ಲಿ ಇರುವುದೇ ಹಳೇ ಉಚ್ಚಾರಣೆ. ಕೆಟ್ಟಿದ್ದು ಅಂತ ಒಂದನ್ನು ಹೇಳಲೇಬೇಕಾದರೆ ಲಂಡನ್ನಿನದನ್ನು ಹೇಳಬೇಕು, ಅದನ್ನೂ ನಾನು ಹೇಳುವುದಿಲ್ಲ. ಭಾಷೆ ಬದಲಾಗುತ್ತೆ, ಅಷ್ಟೇ.

‘ಬಾತ್’ ಕತೆಯೂ ಹೀಗೇ. ನಾವು ಬಾತ್‌ರೂಮ್ ಅಂತ ಎಳೆಯುತ್ತೇವೆ. ದಕ್ಷಿಣದವರೂ ಎಳೆಯುತ್ತಾರೆ. ನಿಮ್ಮ ಲೀಡ್ಸ್‌ನವರು ಎಳೆಯುವುದಿಲ್ಲ, ಮೊದಲು ಯಾರೂ ಎಳೆಯುತ್ತಿರಲಿಲ್ಲ. ಇನ್ನು ‘ನೌಟ್’ ಬೀದಿಯಲ್ಲಿ ಹುಟ್ಟಿದ ಮಾತು ಅಂದುಕೊಂಡಿರಬಹುದು ನೀವು. ಅದು ಸಾವಿರ ವರ್ಷದ ಹಿಂದಿನ ಹಳೇ ಇಂಗ್ಲಿಷಿನ ಪದದಿಂದ ಬಂದದ್ದು.

ಹಾಗಾದರೆ ಈ ‘ಸರಿಯಾದ’ ಇಂಗ್ಲಿಷ್ ಎಲ್ಲಿಂದ ಬಂತು? ಅಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಸಾರ್ವಜನಿಕ ಶಾಲೆ ಅಲ್ಲ, ಈಟನ್, ಹ್ಯಾರೋ ಥರದ ದುಬಾರಿ ಖಾಸಗಿ ಶಾಲೆಗಳು, ಹೆಚ್ಚಿನವು ಹಾಸ್ಟೆಲ್ ಇರುವಂಥವು. 19ನೇ ಶತಮಾನದಲ್ಲಿ ಇಡೀ ದೇಶದ ಸಿರಿವಂತರ ಗಂಡುಮಕ್ಕಳು ಇಂಥ ಕಡೆ ಒಟ್ಟಿಗೆ ಬೆಳೆದರು, ಒಂದೇ ಥರ ಮಾತಾಡೋದು ಕಲಿತರು, ಸೇನೆಗೆ, ಚರ್ಚಿಗೆ, ಸರ್ಕಾರಿ ಕೆಲಸಕ್ಕೆ ಹೋದರು. ಡೇನಿಯಲ್ ಜೋನ್ಸ್ ಎಂಬ ಧ್ವನಿ ವಿಜ್ಞಾನಿ 1917ರಲ್ಲಿ ಉಚ್ಚಾರಣೆಯ ನಿಘಂಟು ಮಾಡಿದಾಗ ಇದಕ್ಕೆ ಪಬ್ಲಿಕ್ ಸ್ಕೂಲ್ ಉಚ್ಚಾರಣೆ ಅಂತಲೇ ಹೆಸರು ಕೊಟ್ಟರು. ಮುಂದೆ 1926ರಲ್ಲಿ ಅದು ‘ರಿಸೀವ್ಡ್ ಪ್ರೊನನ್ಸಿಯೇಷನ್’ ಆಯಿತು, ಎಲ್ಲರೂ ಒಪ್ಪಿದ ಉಚ್ಚಾರಣೆ ಅಂತ. ಎಲ್ಲರೂ ಅಂದರೆ ಯಾರು? 1970ರ ದಶಕದಲ್ಲಿ ಪೀಟರ್ ಟ್ರಡ್‌ಗಿಲ್ ಎಂಬ ಭಾಷಾಶಾಸ್ತ್ರಜ್ಞ ಅಂದಾಜು ಮಾಡಿದಾಗ ಹಾಗೆ ಮಾತಾಡುವವರು ಬ್ರಿಟನ್ನಿನ ಜನರಲ್ಲಿ ಶೇ. 3ರಷ್ಟು ಮಾತ್ರ ಇದ್ದರು. ನಮ್ಮಲ್ಲಿಗೆ ಅಧಿಕಾರಿಗಳಾಗಿ ಬಂದವರಲ್ಲಿ ಬಹಳಷ್ಟು ಜನ ಆ ಶಾಲೆಗಳಲ್ಲಿ ಓದಿದವರು, ಹಾಗಾಗಿ ಮೈಸೂರಿನಲ್ಲೂ ಮಂಡ್ಯದಲ್ಲೂ ನಮ್ಮ ಮೇಷ್ಟ್ರುಗಳಿಗೆ ಅದೇ ಇಂಗ್ಲಿಷ್ ಅನ್ನಿಸಿತು. ನಿಮ್ಮ ತಂದೆಯವರ ಮೇಲೆ ನನಗೆ ಗೌರವ ಇದೆ, ಅವರ ತಪ್ಪು ಇದರಲ್ಲಿ ಏನೂ ಇಲ್ಲ. ಆದರೆ ಒಂದು ಮಾತು ಅವರಿಗೆ ತಿಳಿಸಿ: ಅವರೂ ನಾನೂ ‘ಕಾರ್’ ಅನ್ನುವಾಗ ಕೊನೆಯ ರಕಾರವನ್ನು ಗಟ್ಟಿಯಾಗಿ ಹೇಳುತ್ತೇವೆ, ಆ ಶೇ. 3ರವರು ಹೇಳುವುದಿಲ್ಲ.

ಈ ರಕಾರದ ಬಗ್ಗೆ ಇನ್ನೊಂದು ಮಾತು. ಇಂಗ್ಲೆಂಡಿನಲ್ಲಿ ರಕಾರ ಬಿಟ್ಟರೆ ದೊಡ್ಡವರು, ಹೇಳಿದರೆ ಹಳ್ಳಿಯವರು. ನ್ಯೂಯಾರ್ಕಿನಲ್ಲಿ ನೇರ ಉಲ್ಟಾ. 1962ರಲ್ಲಿ ವಿಲಿಯಂ ಲೇಬೋವ್ ಎಂಬ ಭಾಷಾಶಾಸ್ತ್ರಜ್ಞ ಅಲ್ಲಿನ ಮೂರು ದೊಡ್ಡ ಅಂಗಡಿಗಳಿಗೆ ಹೋಗಿ, ನಾಲ್ಕನೇ ಮಹಡಿಯಲ್ಲಿ ಸಿಗುವ ಸಾಮಾನು ಎಲ್ಲಿದೆ ಅಂತ ಕೆಲಸಗಾರರನ್ನು ಕೇಳಿದರು. ಅವರು ‘ಫೋರ್ತ್ ಫ್ಲೋರ್’ ಅನ್ನಲೇಬೇಕು, ಅದರಲ್ಲಿ ಎರಡು ರಕಾರ ಇದೆ ಅಲ್ವಾ? ಹೀಗೆ 264 ಜನರನ್ನು ಮಾತಾಡಿಸಿದರು. ದುಬಾರಿ ಅಂಗಡಿಯವರು ರಕಾರ ಜಾಸ್ತಿ ಹೇಳಿದರು, ಅಗ್ಗದ ಅಂಗಡಿಯವರು ಕಮ್ಮಿ. ಒಂದೇ ಭಾಷೆ, ಒಂದೇ ಅಕ್ಷರ. ಒಂದು ಊರಲ್ಲಿ ಅದನ್ನು ಬಿಟ್ಟರೆ ಮರ್ಯಾದೆ, ಇನ್ನೊಂದು ಊರಲ್ಲಿ ಹೇಳಿದರೆ ಮರ್ಯಾದೆ. ಹಾಗಾದರೆ ಮರ್ಯಾದೆ ಆ ಅಕ್ಷರದ್ದಲ್ಲ, ಹೇಳುವವನ ಕಿಸೆಯದ್ದು.

ಈಗ ಹಕಾರ. ನಿಮಗೆ ಮಗನ ‘ಔಸ್’ ಕೇಳಿ ಮುಜುಗರ ಆಗುತ್ತದೆ ಎಂದಿದ್ದೀರಿ. ನಾನೂ ಮಳವಳ್ಳಿ ಕಡೆಯವನು, ನಮ್ಮ ಮನೆಯಲ್ಲಿ ‘ಆಲು’ ಕಾಯಿಸುತ್ತಿದ್ದರು, ‘ಅಳ್ಳಿ’ಗೆ ‘ಓಗ್ತಿದ್ರು’. ಬೆಂಗಳೂರಿಗೆ ಕಾಲೇಜಿಗೆ ಬಂದಾಗ ತರಗತಿಯಲ್ಲಿ ಪಾಠ ಓದಲು ಎಬ್ಬಿಸಿದರು. ಹುಡುಗ ಅನ್ನುವುದು ನನ್ನ ಬಾಯಲ್ಲಿ ‘ಉಡುಗ’ ಆಯಿತು. ಇಡೀ ತರಗತಿ ನಕ್ಕಿತು. ಮೇಷ್ಟ್ರೂ ನಕ್ಕರು, ನನಗೆ ಚುಚ್ಚಿದ್ದು ಅದು. ಆಮೇಲೆ ಎರಡು ವರ್ಷ ನಾನು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಉತ್ತರ ಗೊತ್ತಿದ್ದರೂ ಕೈ ಎತ್ತಲಿಲ್ಲ. ಆ ಹಕಾರ ನನಗೆ ಪೂರ್ತಿ ಬರುವ ಹೊತ್ತಿಗೆ ಕೇಳಬೇಕಾಗಿದ್ದ ಎಷ್ಟೋ ಪ್ರಶ್ನೆಗಳನ್ನು ಕೇಳದೆ ಬಿಟ್ಟಿದ್ದೆ. ನಿಮ್ಮ ಆ ಕೊನೆಯ ಸಾಲು ಓದಿದಾಗ ನನಗೆ ಮೊದಲು ನೆನಪಾಗಿದ್ದು ಆ ಬೆಂಚು.

ಬಹಳ ವರ್ಷ ಆದ ಮೇಲೆ ಹಳಗನ್ನಡ ಓದುವಾಗ ಗೊತ್ತಾಯಿತು, ನಮ್ಮ ಹಾಲು ಮೊದಲು ‘ಪಾಲ್’, ಹಳ್ಳಿ ‘ಪಳ್ಳಿ’, ಹೋಗು ‘ಪೋಗು’. ಪಂಪನ ಕಾಲಕ್ಕೆ ಪಕಾರವೇ ಸರಿ. ಹಾಲು ಅಂದ ಮೊದಲ ಕನ್ನಡಿಗನನ್ನು ಯಾರೋ ಹಿರಿಯರು ‘ಪಾಲ್ ಅನ್ನೋ’ ಅಂತ ತಿದ್ದಿರಬಹುದು. ಪಕಾರ ಹಕಾರ ಆಯಿತು, ನಮ್ಮ ಕಡೆ ಆ ಹಕಾರವೂ ಉದುರಿತು. ಇದರಲ್ಲಿ ನಾಚಿಕೆ ಪಡುವುದು ಎಲ್ಲಿದೆ? ಲೀಡ್ಸ್‌ನ ‘ಔಸ್’ಗೂ ಮಂಡ್ಯದ ‘ಆಲು’ಗೂ ಹೆಚ್ಚು ದೂರ ಇಲ್ಲ. ಈ ಎರಡೂ ಊರಿನವರು ನೀವು, ನಿಮಗೆ ಇದು ಬೇರೆ ಯಾರಿಗಿಂತ ಬೇಗ ಅರ್ಥವಾಗಬೇಕು.

ಜೋಸೆಫ್ ರೈಟ್ ಎಂಬುವರ ಹೆಸರು ನೀವು ಕೇಳಿದ್ದೀರೋ ಇಲ್ಲವೋ. ನಿಮ್ಮೂರಿಗೆ ತಗುಲಿಕೊಂಡಂತೆ ಇರುವ ಬ್ರ್ಯಾಡ್‌ಫರ್ಡ್ ಹತ್ತಿರ 1855ರಲ್ಲಿ ಹುಟ್ಟಿದವರು. ಮನೆಯಲ್ಲಿ ಕಡು ಬಡತನ. 6 ವರ್ಷಕ್ಕೇ ಕಲ್ಲುಗಣಿಯಲ್ಲಿ ಕತ್ತೆ ಹೊಡೆಯುವ ಕೆಲಸಕ್ಕೆ ಹೋದರು. ಆಮೇಲೆ ಸಾಲ್ಟೇರ್‌ನ ಬಟ್ಟೆ ಗಿರಣಿಯಲ್ಲಿ ನೂಲು ತುಂಬಿದ ಉರುಳೆಗಳನ್ನು ತೆಗೆದು ಖಾಲಿ ಉರುಳೆ ಹಾಕುವ ಕೆಲಸ. 15 ವರ್ಷದವರೆಗೂ ಅವರಿಗೆ ಓದಲು ಬರುತ್ತಿರಲಿಲ್ಲ. ಆಮೇಲೆ ಹಟ ಹಿಡಿದು ಓದಿದರು, ರಾತ್ರಿ ಶಾಲೆಗೆ ಹೋದರು, ಜರ್ಮನಿಗೆ ಹೋಗಿ ಓದಿ ಬಂದರು, ಕೊನೆಗೆ ಆಕ್ಸ್‌ಫರ್ಡಿನಲ್ಲಿ ಭಾಷಾಶಾಸ್ತ್ರದ ಪ್ರೊಫೆಸರ್ ಆದರು. ಅಷ್ಟು ದೊಡ್ಡ ಜಾಗಕ್ಕೆ ಹೋದವರು ತಮ್ಮ ಹಳ್ಳಿ ಮಾತನ್ನು ಬಚ್ಚಿಡಲಿಲ್ಲ. ತಾವು ಬೆಳೆದ ವಿಂಡ್‌ಹಿಲ್ ಊರಿನ ಮಾತಿಗೆ ವ್ಯಾಕರಣ ಬರೆದು 1892ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಇಡೀ ಇಂಗ್ಲಿಷಿನ ಆಡುಮಾತುಗಳಿಗೆ 6 ಸಂಪುಟಗಳ ನಿಘಂಟು ಮಾಡಿದರು, 1898ರಿಂದ 1905ರವರೆಗೆ. ನಿಮ್ಮ ಮಗ ಆಡುವ ಥರದ ಮಾತುಗಳನ್ನು ಒಂದೊಂದಾಗಿ ಕೂಡಿಸಿಟ್ಟ ಕೆಲಸ ಅದು. ನನಗಂತೂ ಇವರ ಜೀವನ ನೆನೆದರೆ ಕಣ್ಣು ತುಂಬುತ್ತದೆ.

ನಿಮ್ಮ ಲೀಡ್ಸ್ ವಿಶ್ವವಿದ್ಯಾಲಯದವರೂ ಕಮ್ಮಿಯಿಲ್ಲ. ಹೆರಾಲ್ಡ್ ಆರ್ಟನ್ ಅಲ್ಲಿಂದಲೇ 1950ರಿಂದ 1961ರವರೆಗೆ ಆಡುಮಾತಿನ ಸಮೀಕ್ಷೆ ನಡೆಸಿ, 313 ಊರುಗಳಿಗೆ ಜನರನ್ನು ಕಳಿಸಿ, ವಯಸ್ಸಾದ ರೈತರ ಮುಂದೆ ಕೂತು, ಹಸುವಿಗೆ ಏನಂತೀರಿ, ಕೊಟ್ಟಿಗೆಗೆ ಏನಂತೀರಿ ಅಂತ ಸಾವಿರಕ್ಕೂ ಜಾಸ್ತಿ ಪ್ರಶ್ನೆ ಕೇಳಿ ಬರೆಸಿದರು.

ಆದರೆ ನಿಮ್ಮ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಅಲ್ಲಿ ಈ ತಾರತಮ್ಯ ಇದೆ. 1941ರಲ್ಲಿ ಬಿಬಿಸಿ ರೇಡಿಯೊದಲ್ಲಿ ವಾರ್ತೆ ಓದಲು ವಿಲ್ಫ್ರೆಡ್ ಪಿಕಲ್ಸ್ ಅವರನ್ನು ತಂದರು. ಅವರು ಹ್ಯಾಲಿಫ್ಯಾಕ್ಸ್‌ನವರು, ಅದೂ ನಿಮ್ಮ ಪಕ್ಕದ್ದೇ. ಕೊನೆಗೆ ‘ಗುಡ್ ನೀಟ್’ ಅಂತ ತಮ್ಮೂರಿನ ಮಾತಿನಲ್ಲಿ ಉತ್ತರದವರಿಗೆ ಶುಭರಾತ್ರಿ ಹೇಳಿದರು. ಎಷ್ಟೋ ಕೇಳುಗರು ಸಿಟ್ಟಿಗೆದ್ದರು. ಯುದ್ಧದ ವಾರ್ತೆಯನ್ನು ಇಂಥ ಉಚ್ಚಾರಣೆಯಲ್ಲಿ ಕೇಳಿದರೆ ನಂಬಿಕೆಯೇ ಬರುವುದಿಲ್ಲ ಅಂತ ಅವರ ದೂರು. ವಾರ್ತೆ ಅದೇ, ಓದಿದವರ ಊರು ಮಾತ್ರ ಬೇರೆ. 1970ರ ದಶಕದಲ್ಲಿ ಹೋವರ್ಡ್ ಜೈಲ್ಸ್ ಎಂಬ ಮನೋವಿಜ್ಞಾನಿ ಮರಣದಂಡನೆ ಬಗ್ಗೆ ಒಂದೇ ವಾದವನ್ನು ಬೇರೆ ಬೇರೆ ಉಚ್ಚಾರಣೆಯಲ್ಲಿ ವಿದ್ಯಾರ್ಥಿಗಳಿಗೆ ಕೇಳಿಸಿದರು. ಸಿರಿವಂತರ ಉಚ್ಚಾರಣೆಯಲ್ಲಿ ಕೇಳಿದವರು ವಾದ ಚೆನ್ನಾಗಿದೆ ಅಂದರು. ಆದರೆ ಮನಸ್ಸು ಬದಲಾಯಿಸಿಕೊಂಡವರು ಜಾಸ್ತಿ ಇದ್ದದ್ದು ಊರಿನ ಉಚ್ಚಾರಣೆಯಲ್ಲಿ ಕೇಳಿದವರಲ್ಲಿ. ನಾನು ಇದನ್ನು ಮತ್ತೆ ಮತ್ತೆ ಯೋಚಿಸಿದ್ದೇನೆ. ಹೊಗಳುವುದು ಒಬ್ಬರನ್ನು, ನಂಬುವುದು ಇನ್ನೊಬ್ಬರನ್ನು.

ಈಗಿನ ಬಿಬಿಸಿಯಲ್ಲಿ ಎಲ್ಲ ಕಡೆಯ ಉಚ್ಚಾರಣೆಯೂ ಕೇಳುತ್ತದೆ, ಕಾಲ ಸುಮಾರು ಬದಲಾಗಿದೆ. ಆದರೂ ನಾಳೆ ಇಂಟರ್‌ವ್ಯೂನಲ್ಲಿ ನಿಮ್ಮ ಮಗನನ್ನು ಯಾರಾದರೂ ಹಗುರವಾಗಿ ನೋಡಬಹುದು, ಹೌದು. ಬಣ್ಣ, ಹೆಸರು, ಅದರ ಜೊತೆ ಇದೂ ಸೇರಿದರೆ ಅಂತ ನಿಮ್ಮ ಹೆದರಿಕೆ, ಕಾಗದದಲ್ಲಿ ನೇರವಾಗಿ ಬರೆಯದಿದ್ದರೂ ನನಗೆ ಅರ್ಥವಾಯಿತು. ಅದಕ್ಕೆ ಮನೆಯಲ್ಲೇ ಮೊದಲು ಅವನನ್ನು ಹಗುರವಾಗಿ ನೋಡುವುದು ಮದ್ದಲ್ಲ. ಹೊರಗಿನವರು ನಕ್ಕರೆ ಅವನು ಮನೆಗೆ ಓಡಿ ಬರುತ್ತಾನೆ. ಮನೆಯಲ್ಲೇ ತಿದ್ದಿದರೆ ಎಲ್ಲಿಗೆ ಹೋಗಬೇಕು?

ಇನ್ನೊಂದು, ಉಚ್ಚಾರಣೆ ಬೇರೆ, ಬರವಣಿಗೆ ಬೇರೆ. ಅವನ ಇಂಗ್ಲಿಷ್ ಬರವಣಿಗೆ ಚೆನ್ನಾಗಿರಲಿ. ದಿನಾ ಓದಿಸಿ, ವ್ಯಾಕರಣ ತಪ್ಪಿದರೆ ತಿದ್ದಿ, ಪರೀಕ್ಷೆಯಲ್ಲಿ ‘ನೌಟ್’ ಬರೆಯುವ ಹಾಗಿಲ್ಲ ಅಂತ ಹೇಳಿ. ಅದನ್ನು ಅವನ ಶಾಲೆಯೂ ಹೇಳುತ್ತೆ. ಎಲ್ಲಿ ಯಾವ ಥರ ಮಾತಾಡಬೇಕು ಅನ್ನುವುದನ್ನು ಮಕ್ಕಳು ತಾವೇ ಕಲಿಯುತ್ತಾರೆ. ನಾವು ಕಲಿಯಲಿಲ್ವಾ? ನಾನು ಆಫೀಸಿನಲ್ಲಿ ಹಕಾರ ಹೇಳುತ್ತೇನೆ, ಊರಿಗೆ ಫೋನ್ ಮಾಡಿದರೆ ಅದು ತಾನಾಗೇ ಬಿದ್ದುಹೋಗುತ್ತದೆ. ‘ಮುಮ್’ ಅಂದಾಗ ಮಾತ್ರ ದಯವಿಟ್ಟು ತಿದ್ದಬೇಡಿ. ಅವನು ಕರೆಯುತ್ತಿರುವುದು ನಿಮ್ಮನ್ನು.

ಟ್ಯೂಷನ್ನಿಗೆ ಇಟ್ಟ ದುಡ್ಡು ಇದೆಯಲ್ಲ, ಅದರಲ್ಲಿ ಒಂದು ಶನಿವಾರ ಅವನನ್ನು ಸಾಲ್ಟೇರ್‌ಗೆ ಕರೆದುಕೊಂಡು ಹೋಗಿ. ಲೀಡ್ಸ್‌ನಿಂದ ರೈಲಿದೆ, ಆ ಗಿರಣಿ ಕಟ್ಟಡ ಇನ್ನೂ ನಿಂತಿದೆ. ರೈಟ್ ಅವರ ಕತೆ ಅಲ್ಲೇ ನಿಂತು ಹೇಳಿ, ಕನ್ನಡದಲ್ಲಿ ಹೇಳಿ, ನಿಮ್ಮ ಮಂಡ್ಯದ ಕನ್ನಡದಲ್ಲೇ. ಆಮೇಲೆ ಅವನ ಕೈಲಿ ಒಂದು ಹಾಳೆ ಕೊಟ್ಟು ಶಾಲೆಯಲ್ಲಿ ಕಲಿತ ‘ನೌಟ್’ ಥರದ ಮಾತು ಎಷ್ಟು ಬರುತ್ತವೋ ಅಷ್ಟನ್ನೂ ಬರೆಯಲು ಹೇಳಿ. ಪಕ್ಕದಲ್ಲಿ ಅದಕ್ಕೆ ನಮ್ಮ ಕಡೆ ಏನಂತಾರೆ ಅನ್ನುವುದನ್ನು ತಾತ ವಿಡಿಯೊ ಕಾಲ್‌ನಲ್ಲಿ ಹೇಳಲಿ, ಅವನು ಬರೆದುಕೊಳ್ಳಲಿ. ಹಾಳೆ ತುಂಬಿದ ಮೇಲೆ ನಮಗೆ ಕಳಿಸಿ. ತಾತ ಮೊಮ್ಮಗ ಇಬ್ಬರ ಹೆಸರೂ ಹಾಕಿ ಅಚ್ಚು ಮಾಡುತ್ತೇವೆ, ನೀವು ಒಪ್ಪಿದರೆ.

– ಸಂಪಾದಕ