ಬೇರೆ ಬೇರೆ ಟ್ಯೂನಿಂಗ್‌ಗಳಲ್ಲಿರುವ ಫಿಂಗರ್‌ಪಿಕಿಂಗ್ ಹಾಡುಗಳನ್ನು ಯಾವ ಕ್ರಮದಲ್ಲಿ ಕಲಿಯಬೇಕು?

ಆರು ಟ್ಯೂನಿಂಗ್‌ಗಳ, ಅಂದರೆ ಗಿಟಾರ್ ತಂತಿಗಳನ್ನು ಶ್ರುತಿಗೊಳಿಸುವ ಆರು ವಿಧಾನಗಳ, ಪಟ್ಟಿ ಕೊಟ್ಟು, ಅವನ್ನು ಒಂದು ವರ್ಷದಲ್ಲಿ ಕಲಿಯಲು ಯಾವುದರಿಂದ ಆರಂಭಿಸಬೇಕೆಂದು ಕೇಳಿದ್ದೀರಿ. ಅಂಥದೇ ಪಟ್ಟಿ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈಗಲೂ ಇದೆ, ಅದರಲ್ಲಿ ಒಂಬತ್ತಿದ್ದವು.

1960–70ರ ದಶಕಗಳ ಬ್ರಿಟಿಷ್ ಫೋಕ್ ಗಿಟಾರ್ ವಾದಕರ ಧ್ವನಿಮುದ್ರಿಕೆಗಳನ್ನು ಕೇಳಿ ಮರುಳಾಗಿದ್ದ ನಾನು ವಾರಕ್ಕೊಂದು ಹೊಸ ಟ್ಯಾಬ್ (ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ಅಂಕಿಗಳಲ್ಲಿ ಬರೆದದ್ದು) ಹುಡುಕಿ, ಅದು ಹೇಳಿದಂತೆ ಬಿರಡೆ ತಿರುಗಿಸಿ, ಅಂಕಿಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಹಾಡುವ ಗೆಳತಿಯೊಬ್ಬಳು ಒಂದು ಸಣ್ಣ ಕೂಟದಲ್ಲಿ ಎರಡು ಹಾಡಿಗೆ ಜೊತೆ ನುಡಿಸಲು ಕರೆದಾಗ ಧೈರ್ಯವಾಗಿ ಒಪ್ಪಿಕೊಂಡೆ. ಮೊದಲನೆಯದು ಡ್ಯಾಡ್‌ಗ್ಯಾಡ್‌ನಲ್ಲಿತ್ತು, ಅಂದರೆ ದಪ್ಪ ತಂತಿಯಿಂದ ಆರಂಭಿಸಿದರೆ ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ಡಿ-ಎ-ಡಿ-ಜಿ-ಎ-ಡಿ (ತಂತಿಗಳ ಸಂಖ್ಯೆ ಮಾತ್ರ ತೆಳು ತಂತಿಯಿಂದ ಆರಂಭ, ದಪ್ಪದ್ದು ಆರನೆಯದು). ಅದು ಚೆನ್ನಾಗಿಯೇ ಬಂತು. ಎರಡನೆಯದು ಓಪನ್ ಜಿ ಎಂಬ ಟ್ಯೂನಿಂಗ್‌ನಲ್ಲಿ. ಐದನೆಯ ತಂತಿಯನ್ನು ಎ ಇಂದ ಜಿ ಗೆ ಇಳಿಸಿ, ಎರಡನೆಯದನ್ನು ಎ ಇಂದ ಬಿ ಗೆ ಏರಿಸಿದರೆ ಸಾಕು, ಉಳಿದ ನಾಲ್ಕನ್ನು ಮುಟ್ಟಬೇಕಿಲ್ಲ. ಅಷ್ಟನ್ನು ಮಾಡಿ ಆರಂಭಿಸಿದೆ.

ಎರಡನೆಯ ಚರಣದಲ್ಲಿ ನನ್ನ ಹೆಬ್ಬೆರಳು ಅಭ್ಯಾಸಬಲದಿಂದ ಆರನೆಯ ತಂತಿಗೆ ಹೋಯಿತು. ಏನಾಯಿತೆಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಉತ್ತರವೆಲ್ಲ ಇದರಲ್ಲೇ ಇದೆ. ಡಿ ಯನ್ನು ಷಡ್ಜವೆಂದುಕೊಂಡರೆ ಡ್ಯಾಡ್‌ಗ್ಯಾಡ್ ಎಂಬುದು ಸ-ಪ-ಸ-ಮ-ಪ-ಸ. ಜಿ ಯನ್ನು ಷಡ್ಜವೆಂದುಕೊಂಡರೆ ಓಪನ್ ಜಿ ಎಂಬುದು ಪ-ಸ-ಪ-ಸ-ಗ-ಪ. ಆರನೆಯ ತಂತಿ ಎರಡರಲ್ಲಿಯೂ ಡಿ ಯೇ ಆದರೂ ಮೊದಲನೆಯದರಲ್ಲಿ ಅದು ಸ, ಎರಡನೆಯದರಲ್ಲಿ ಪ. ಫಿಂಗರ್‌ಪಿಕಿಂಗ್, ಅಂದರೆ ತಂತಿಗಳನ್ನು ಬೆರಳುಗಳಿಂದಲೇ ಮೀಟುವ ಈ ಶೈಲಿಯಲ್ಲಿ, ಹೆಬ್ಬೆರಳು ತಾಳದ ಪೆಟ್ಟಿಗೆ ಸರಿಯಾಗಿ ಮಂದ್ರದ ತಂತಿಗಳನ್ನು ಮೀಟುತ್ತಾ ಹಾಡಿಗೆ ನೆಲ ಹಾಕಿಕೊಡುತ್ತದೆ. ನಾನು ಪ್ರತಿ ಪೆಟ್ಟಿನಲ್ಲಿಯೂ ಸ ಇರಬೇಕಾದಲ್ಲಿ ಪ ಹಾಕತೊಡಗಿದ್ದೆ. ಗೆಳತಿ ತನ್ನ ಶ್ರುತಿಯನ್ನು ಹುಡುಕುತ್ತಾ ಒಂದು ಸಾಲನ್ನೇ ನುಂಗಿದಳು. ಏನೋ ತಪ್ಪಿದೆಯೆಂದು ನನಗೆ ಕೇಳಿಸುತ್ತಿತ್ತು. ಆದರೆ ತಲೆಯಲ್ಲಿದ್ದದ್ದು ‘ಸೊನ್ನೆ, ಎರಡು, ಸೊನ್ನೆ’ ಎಂಬ ಅಂಕಿಗಳೇ ಹೊರತು ಸ್ವರಗಳಲ್ಲವಾದ್ದರಿಂದ ಎಲ್ಲಿಗೆ ಹಿಂದಿರುಗಬೇಕೆಂಬುದು ತಿಳಿಯಲಿಲ್ಲ. ಕೈ ನಿಂತುಹೋಯಿತು. ಅವಳು ಉಳಿದದ್ದನ್ನು ಗಿಟಾರ್ ಇಲ್ಲದೆಯೇ ಹಾಡಿ ಮುಗಿಸಿದಳು. ಮುಂದಿನ ಕೂಟಕ್ಕೆ ಅವಳ ಜೊತೆ ಬೇರೊಬ್ಬ ವಾದಕರಿದ್ದರು.

ನಾನು ಇದನ್ನು ಬಹುಕಾಲ ಬೆರಳಿನ ತಪ್ಪೆಂದೇ ಭಾವಿಸಿ ಇನ್ನಷ್ಟು ವೇಗವಾಗಿ ಅಭ್ಯಾಸ ಮಾಡಿದೆ. ತಪ್ಪು ಬೆರಳಿನದಲ್ಲ. ಟ್ಯಾಬ್ ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ಹೇಳುತ್ತದೆ, ಅಲ್ಲಿ ಯಾವ ಸ್ವರವಿದೆಯೆಂದು ಹೇಳುವುದಿಲ್ಲ. ಟ್ಯೂನಿಂಗ್ ಬದಲಾದಾಗ ಅಂಕಿ ಅದೇ ಇದ್ದರೂ ಸ್ವರ ಬೇರೆಯಾಗುತ್ತದೆ. ಒಂದೂವರೆ ವರ್ಷ ನಾನು ಒಂಬತ್ತು ಟ್ಯೂನಿಂಗ್‌ಗಳ ಅಂಕಿಗಳನ್ನು ಕಲಿತೆ. ಟ್ಯೂನಿಂಗ್ ಒಂದನ್ನೂ ಕಲಿಯಲಿಲ್ಲ.

ಆದ್ದರಿಂದ ನಿಮ್ಮ ಆರರ ಕ್ರಮ ಯಾವುದಿರಬೇಕೆಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೆನಡಾದ ಗಾಯಕಿ ಜೋನಿ ಮಿಚೆಲ್ ಹತ್ತಾರು ಟ್ಯೂನಿಂಗ್ ಬಳಸಿದರಲ್ಲ ಎಂದು ನೀವು ಕೇಳಬಹುದು. ಬಾಲ್ಯದ ಪೋಲಿಯೊದಿಂದ ಎಡಗೈ ಬಲಗುಂದಿದ್ದ ಅವರು ತಮಗೆ ಬೇಕಾದ ನಾದಕ್ಕೆ ತಂತಿಗಳನ್ನು ಹೊಂದಿಸಿಕೊಂಡವರು. ನಾವು ಇನ್ನೊಬ್ಬರ ಅಂಕಿ ಓದುವುದು ಅದಕ್ಕೆ ಸಮನಾಗುವುದಿಲ್ಲ.

ಆರು ತಿಂಗಳು ಡ್ಯಾಡ್‌ಗ್ಯಾಡ್ ಒಂದರಲ್ಲೇ ಇರಿ. ಸಾಮಾನ್ಯ ಟ್ಯೂನಿಂಗ್‌ನಿಂದ (ಇ-ಎ-ಡಿ-ಜಿ-ಬಿ-ಇ) ಆರು, ಎರಡು ಮತ್ತು ಒಂದನೆಯ ತಂತಿಗಳನ್ನು ಎರಡೆರಡು ಅರ್ಧಸ್ವರ ಇಳಿಸಿದರೆ ಅದು ಸಿದ್ಧ. ಮೂರನೆಯ ತಂತಿಯನ್ನು ಎರಡನೆಯ ಫ್ರೆಟ್ಟಿನಲ್ಲಿ (ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿ, ಬಿಟ್ಟ ಎರಡನೆಯ ತಂತಿಯೊಡನೆ ಮೀಟಿ ನೋಡಿ: ಎರಡೂ ಒಂದೇ ಪಂಚಮ, ಆದರೆ ಒಂದು ಮಂದವಾಗಿ, ಇನ್ನೊಂದು ತೆರೆದು ನುಡಿಯುತ್ತದೆ. ಈ ಟ್ಯೂನಿಂಗ್‌ನ ಸೊಗಸು ಅಲ್ಲಿದೆ. ಮೂರು ಹಾಡು ಸಾಕು. ಪ್ರತಿ ಅಂಕಿಯ ಕೆಳಗೂ ಸ್ವರ ಬರೆಯಿರಿ, ಹೆಬ್ಬೆರಳಿನ ಸಾಲನ್ನು ಬೇರೆ ಬೆರಳುಗಳಿಲ್ಲದೆ ನುಡಿಸುತ್ತಾ ಬಾಯಲ್ಲಿ ಹಾಡಿ. ಆಮೇಲೆ ಮೂರನೆಯ ತಂತಿಯನ್ನು ಅರ್ಧಸ್ವರ ಇಳಿಸಿ: ಮ ಹೋಗಿ ಅಂತರ ಗಾಂಧಾರ ಬರುತ್ತದೆ, ನೀವು ಓಪನ್ ಡಿ ಯಲ್ಲಿರುತ್ತೀರಿ, ಷಡ್ಜ ಕದಲಿರುವುದಿಲ್ಲ.

ತಂತಿ ಇಳಿಸುವಾಗ ಬೇಕಾದ ಸ್ವರಕ್ಕಿಂತ ಕೆಳಗೆ ಹೋಗಿ ಮೇಲೆ ಬನ್ನಿ. ಮೇಲಿನಿಂದ ಇಳಿಸಿ ಅಲ್ಲೇ ನಿಲ್ಲಿಸಿದರೆ ಬಿರಡೆಯ ಹಲ್ಲುಗಳಲ್ಲಿ ಸಡಿಲ ಉಳಿದು ಹಾಡಿನ ನಡುವೆ ಶ್ರುತಿ ಜಾರುತ್ತದೆ. ನಿಮ್ಮ ಪಟ್ಟಿಯ ಓಪನ್ ಸಿ ಯನ್ನು ಸದ್ಯಕ್ಕೆ ಮುಟ್ಟಬೇಡಿ. ಆರನೆಯ ತಂತಿ ಇ ಇಂದ ಸಿ ಗೆ ಇಳಿದಾಗ ಅದರ ಬಿಗಿ ಸುಮಾರು ಶೇ. 63ಕ್ಕೆ ಕುಸಿಯುತ್ತದೆ, ತೆಳು ತಂತಿಯಾದರೆ ಫ್ರೆಟ್ಟಿಗೆ ಬಡಿದು ಗರಗರ ಎನ್ನುತ್ತದೆ. ಅದಕ್ಕೆ ಇನ್ನೂ ದಪ್ಪ ತಂತಿಗಳು ಬೇಕು.