ಸಲಿಕೆ ಹಿಡಿಯುವ ಬೆನ್ನಿಗೆ

ಪ್ರಶ್ನೆ: ನನಗೆ 43 ವರ್ಷ. ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತು ಮಾಡುವ ಕೆಲಸ. ಕಳೆದ ಚಳಿಗಾಲದಲ್ಲಿ ಒಂದು ದಿನ ಬೆಳಗ್ಗೆ ಆರೂವರೆಗೆ ಎದ್ದು, ಎಂಟಕ್ಕೆ ಕಚೇರಿಯಲ್ಲಿ ಇರಬೇಕಾಗಿದ್ದರಿಂದ ಆರೂ ಮುಕ್ಕಾಲಿಗೇ ಹಿಮ ತೆಗೆಯಲು ನಿಂತೆ. ಮನೆಯ ಮುಂದಿನದೆಲ್ಲ ಮುಗಿದು, ರಸ್ತೆಯಂಚಿನಲ್ಲಿ ಉಳಿದಿದ್ದ ದಿಬ್ಬವನ್ನು ತೆಗೆಯುವಾಗ ಸೊಂಟ ಹಿಡಿದುಕೊಂಡಿತು. ಮೂರು ವಾರ ನರಳಿದೆ. ಎಲ್ಲರೂ ಹೇಳುವಂತೆ ಮಂಡಿ ಬಾಗಿಸಿಯೇ ಎತ್ತಿದ್ದೆ. ಸಲಿಕೆಯಲ್ಲಿ ಅಂಥ ಭಾರವೂ ಇರಲಿಲ್ಲ. ಹಾಗಾದರೆ ಹೀಗೇಕಾಯಿತು?
— ಹೆಸರು ಬೇಡವೆಂದ ಓದುಗರು

ಉತ್ತರ: ಆ ಮೂರು ವಾರ ಹೇಗಿದ್ದಿರಬಹುದೆಂದು ನನಗೆ ಗೊತ್ತು. ಕಾಲುಚೀಲ ಹಾಕಿಕೊಳ್ಳಲು ಇನ್ನೊಬ್ಬರು ಬೇಕು, ಸೀನು ಬರುವ ಸೂಚನೆ ಸಿಕ್ಕರೆ ಮೊದಲು ಗೋಡೆ ಹಿಡಿಯಬೇಕು. 22 ವರ್ಷಗಳಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಜೋರಾಗಿ ಹಿಮ ಬಿದ್ದ ಮರುದಿನ ಸೊಂಟದ ಮೇಲೆ ಕೈಯಿಟ್ಟುಕೊಂಡು ಬರುವವರಲ್ಲಿ ಹೆಚ್ಚಿನವರು ನಿಮ್ಮ ಮಾತನ್ನೇ ಹೇಳುತ್ತಾರೆ: ಭಾರವೇನೂ ಇರಲಿಲ್ಲ.

ಆ ಭಾರವನ್ನು ಒಮ್ಮೆ ಲೆಕ್ಕ ಹಾಕೋಣ. 10 ಮೀಟರ್ ಉದ್ದ, 3 ಮೀಟರ್ ಅಗಲದ ಡ್ರೈವ್‌ವೇ (ಮನೆಯಿಂದ ರಸ್ತೆಗೆ ಕಾರು ಇಳಿಯುವ ದಾರಿ) ಮೇಲೆ 20 ಸೆಂಟಿಮೀಟರ್ ಹಿಮ ಕೂತಿದೆ ಎಂದುಕೊಳ್ಳಿ. ಒಟ್ಟು 6 ಘನ ಮೀಟರ್ ಆಯಿತು. ಕಡು ಚಳಿಯಲ್ಲಿ ಬಿದ್ದ, ಊದಿದರೆ ಹಾರುವ ಒಣ ಹಿಮವಾದರೆ ಘನ ಮೀಟರಿಗೆ 80 ಕಿಲೋ ಆಸುಪಾಸು, ಅಂದರೆ ಒಟ್ಟು 480 ಕಿಲೋ. ಸೊನ್ನೆ ಡಿಗ್ರಿಯ ಹತ್ತಿರ ಬಿದ್ದ ಒದ್ದೆ ಹಿಮ ಘನ ಮೀಟರಿಗೆ 300 ಕಿಲೋ ತೂಗಬಹುದು. ಆಗ ಒಟ್ಟು 1,800 ಕಿಲೋ. ಸಲಿಕೆಗೆ ಐದೈದು ಕಿಲೋ ಎಂದರೂ 360 ಸಲ ಎತ್ತಬೇಕು. ಕಿಟಕಿಯಿಂದ ನೋಡುವವರಿಗೆ ಎರಡೂ ಒಂದೇ ಬಿಳುಪು. ಆದ್ದರಿಂದ ಹೊರಗೆ ಹೋದ ತಕ್ಷಣ ಒಂದು ಹಿಡಿ ಹಿಮ ತೆಗೆದುಕೊಂಡು ಅಮುಕಿ ನೋಡಿ. ಉಂಡೆ ಕಟ್ಟದೆ ಉದುರಿದರೆ ಹಗುರ. ಗಟ್ಟಿ ಉಂಡೆಯಾಗಿ ಕೈಗವಸು ಒದ್ದೆಯಾದರೆ, ಅಂದಿನ ಕೆಲಸಕ್ಕೆ ಎರಡು ಪಟ್ಟು ಸಮಯ ಇಟ್ಟುಕೊಳ್ಳಿ.

ಇನ್ನು, ಐದು ಕಿಲೋ ಎನ್ನುವುದು ತಕ್ಕಡಿಯ ಮಾತು. ಬೆನ್ನಿನ ಲೆಕ್ಕವೇ ಬೇರೆ. ಬೆನ್ನನ್ನು ನೆಟ್ಟಗೆ ಹಿಡಿದಿಡುವ ಸ್ನಾಯುಗಳು ಡಿಸ್ಕಿನ (ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಯ) ನಡುಭಾಗದಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ಇರುತ್ತವೆ, ಅಷ್ಟೆ. ತೋಳು ಚಾಚಿ ಹಿಡಿದ ಸಲಿಕೆಯ ತುದಿಯ ಹಿಮ 1 ಮೀಟರ್ ಮುಂದೆ ಇದ್ದರೆ, ಆ ಐದು ಕಿಲೋ ತಡೆಯಲು ಈ ಸ್ನಾಯುಗಳು ನೂರು ಕಿಲೋ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕು. ಅದೇ ಹಿಮವನ್ನು ದೇಹದ ಹತ್ತಿರಕ್ಕೆ, 40 ಸೆಂಟಿಮೀಟರಿಗೆ ತಂದರೆ ನಲವತ್ತು ಕಿಲೋ ಸಾಕು. ಮುಂದಕ್ಕೆ ಬಾಗಿದ್ದರೆ ನಿಮ್ಮದೇ ತಲೆ, ತೋಳು, ಎದೆಗೂಡಿನ ಭಾರವೂ ಇದರ ಮೇಲೆ ಕೂಡಿಕೊಳ್ಳುತ್ತದೆ. ಈ ಎಳೆತವೆಲ್ಲ ಒತ್ತಡವಾಗಿ ಬೀಳುವುದು ಸೊಂಟದ ಕೆಳಗಿನ ಎರಡು ಮೂರು ಡಿಸ್ಕುಗಳ ಮೇಲೆ. ನೀವು ಮಂಡಿ ಬಾಗಿಸಿದ್ದು ತಪ್ಪಲ್ಲ. ಆದರೆ ಮಂಡಿ ಬಾಗಿಸಿಯೂ ತೋಳು ಚಾಚಿ ಎತ್ತಿದರೆ ಈ ಲೆಕ್ಕ ಬದಲಾಗುವುದಿಲ್ಲ.

ಎತ್ತಿದ್ದನ್ನು ಪಕ್ಕಕ್ಕೆ ಎಸೆಯುವುದು ಇದಕ್ಕಿಂತ ಕೆಟ್ಟದ್ದು. ಡಿಸ್ಕಿನ ಹೊರಬಳೆಯ ನಾರುಗಳು ಪದರ ಪದರವಾಗಿ, ಒಂದು ಪದರ ಎಡಕ್ಕೆ ಓರೆಯಾದರೆ ಮುಂದಿನದು ಬಲಕ್ಕೆ ಓರೆಯಾಗಿ ಹೆಣೆದುಕೊಂಡಿವೆ. ನಡು ತಿರುಚಿದಾಗ ಒಂದು ದಿಕ್ಕಿನ ಪದರಗಳು ಬಿಗಿಯುತ್ತವೆ, ಇನ್ನೊಂದು ದಿಕ್ಕಿನವು ಸಡಿಲವಾಗುತ್ತವೆ. ಅಂದರೆ ಭಾರ ಹೊರುವ ಹೊತ್ತಿನಲ್ಲಿ ಅರ್ಧದಷ್ಟು ನಾರು ಕೆಲಸಕ್ಕೇ ಇಲ್ಲ. ಬಾಗು, ಭಾರ, ತಿರುಚು, ಈ ಮೂರೂ ಒಟ್ಟಿಗೆ ಸೇರುವ ಮನೆಗೆಲಸ ಹಿಮ ಎಸೆಯುವುದರಷ್ಟು ಬೇರೆ ಯಾವುದೂ ಇಲ್ಲ ಎನ್ನುವುದು ನನ್ನ ಅನುಭವ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಹದಿನೈದು ನಿಮಿಷ. ರಾತ್ರಿ ಮಲಗಿದ್ದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಬೆಳಗ್ಗೆ ಎದ್ದಾಗ ನಾವೆಲ್ಲ ಒಂದೆರಡು ಸೆಂಟಿಮೀಟರ್ ಎತ್ತರ ಹೆಚ್ಚಿರುವುದು ಇದರಿಂದಲೇ. ಎದ್ದು ಓಡಾಡಿದ ಮೊದಲ ಒಂದು ಗಂಟೆಯಲ್ಲಿ ಆ ಹೆಚ್ಚಿನ ನೀರಿನ ದೊಡ್ಡ ಪಾಲು ಇಳಿಯುತ್ತದೆ. ಅಲ್ಲಿಯವರೆಗೆ ಡಿಸ್ಕು ತುಂಬಿ ಬಿಗಿದ ಚೀಲದ ಹಾಗೆ. ಬಾಗಿಸಿದರೆ ಅದರ ಹೊರಬಳೆಯ ಮೇಲೆ ಬೀಳುವ ಸೆಳೆತ ಮಧ್ಯಾಹ್ನಕ್ಕಿಂತ ಬಹಳ ಹೆಚ್ಚು. ಹಾಸಿಗೆಯಿಂದ ಎದ್ದು ಕಾಲು ಗಂಟೆಯಲ್ಲಿ ಸಲಿಕೆ ಹಿಡಿದಿರಿ. ಒಂದು ಗಂಟೆ ಮೊದಲೇ ಎದ್ದು ಮನೆಯೊಳಗಿನ ಕೆಲಸ ಮುಗಿಸಿ ಹೊರಗೆ ಹೋಗಿ. ಆಗದಿದ್ದರೆ ಹಿಂದಿನ ರಾತ್ರಿ ಮಲಗುವ ಮುಂಚೆ ಒಂದು ಸುತ್ತು ತೆಗೆದುಬಿಡಿ. ಇಪ್ಪತ್ತು ಸೆಂಟಿಮೀಟರ್ ಆಗುವವರೆಗೆ ಕಾಯುವುದು ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತರುವ ಹಾಗೆ. ಐದು ಸೆಂಟಿಮೀಟರ್ ಹಿಮವನ್ನು ನಾಲ್ಕು ಸಲ ತಳ್ಳುವುದು ಬೆನ್ನಿಗೆ ಕೆಲಸವೇ ಅಲ್ಲ.

ತಳ್ಳುವುದು ಎಂದೆ. ಈ ಅಂಕಣದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಅದನ್ನೇ ಇಟ್ಟುಕೊಳ್ಳಿ: ತಳ್ಳಲು ಸಾಧ್ಯವಿರುವುದನ್ನು ಎತ್ತಬೇಡಿ. ಸಲಿಕೆಯನ್ನು ನೆಲಕ್ಕೆ ತಾಗಿಸಿ, ಒಂದು ಕಾಲು ಮುಂದಿಟ್ಟು, ದೇಹದ ತೂಕವನ್ನು ಹಿಂಗಾಲಿನಿಂದ ಮುಂಗಾಲಿಗೆ ದಾಟಿಸುತ್ತ ಅಂಚಿನವರೆಗೆ ನೂಕಿಕೊಂಡು ಹೋಗಿ. ಎತ್ತಲೇಬೇಕಾದಾಗ ಸಲಿಕೆ ಅರ್ಧ ತುಂಬಿದರೆ ಸಾಕು. ಒಂದು ಕೈ ಹಿಡಿಯ ಮೇಲೆ, ಇನ್ನೊಂದು ಕೈ ಕಾವಿನಲ್ಲಿ ಆದಷ್ಟು ಕೆಳಗೆ, ಹಿಮದ ಹತ್ತಿರ. ಎಸೆಯುವ ದಿಕ್ಕಿಗೆ ಪಾದಗಳನ್ನೇ ತಿರುಗಿಸಿ. ಹೊಕ್ಕುಳು ಮತ್ತು ಕಾಲಿನ ಹೆಬ್ಬೆರಳು ಎರಡೂ ಒಂದೇ ಕಡೆ ನೋಡುತ್ತಿರಬೇಕು. ಭುಜದ ಮೇಲಿಂದ ಹಿಂದಕ್ಕೆ ಎಸೆಯುವುದನ್ನು ಇಂದಿಗೇ ಬಿಟ್ಟುಬಿಡಿ. ಹತ್ತು ನಿಮಿಷಕ್ಕೊಮ್ಮೆ ಕೈ ಬದಲಿಸಿ, ನಿಂತು, ಸೊಂಟಕ್ಕೆ ಎರಡೂ ಅಂಗೈ ಕೊಟ್ಟು ಮೆಲ್ಲಗೆ ಹಿಂದಕ್ಕೆ ಬಾಗಿ.

ಬಾಗುವುದನ್ನು ಮಾತ್ರ ಮನೆಯೊಳಗೇ ಕಲಿತುಕೊಳ್ಳಿ. ನನ್ನಲ್ಲಿಗೆ ಬರುವ ಎಲ್ಲರಿಗೂ ಪೊರಕೆಯ ಕೋಲು ಕೊಡುತ್ತೇನೆ. ಅದನ್ನು ಬೆನ್ನಿಗೆ ಉದ್ದಕ್ಕೆ ಹಿಡಿದರೆ ತಲೆಯ ಹಿಂಭಾಗ, ಭುಜದ ಎಲುಬುಗಳ ನಡು, ಬಾಲದೆಲುಬು, ಈ ಮೂರು ಕಡೆ ತಾಗಬೇಕು. ಈಗ ಮಂಡಿ ಸ್ವಲ್ಪವೇ ಸಡಿಲಿಸಿ, ಹಿಂದೆ ಇರುವ ಬಾಗಿಲನ್ನು ಪೃಷ್ಠದಿಂದ ಮುಚ್ಚುವವರಂತೆ ಹಿಂದಕ್ಕೆ ಸರಿಯುತ್ತ ಮುಂದಕ್ಕೆ ಬಾಗಿ. ಕೋಲು ಮೂರು ಕಡೆಯೂ ತಾಗಿಕೊಂಡೇ ಇದ್ದರೆ ನೀವು ತೊಡೆಯ ಕೀಲಿನಲ್ಲಿ ಬಾಗಿದ್ದೀರಿ. ಬಾಲದೆಲುಬಿನಿಂದ ಕೋಲು ಬಿಟ್ಟುಕೊಂಡಿತೋ, ಬಾಗಿದ್ದು ಬೆನ್ನು. ಕುಳಿತು ಕೆಲಸ ಮಾಡುವ ಹೆಚ್ಚಿನವರಿಗೆ ಮೊದಲ ಸಲ ಕೋಲು ಬಿಟ್ಟೇಬಿಡುತ್ತದೆ. ದಿನಕ್ಕೆ ಹತ್ತು ಸಲ, ಎರಡು ವಾರ ಮಾಡಿದರೆ ದೇಹಕ್ಕೆ ಅದೇ ರೂಢಿಯಾಗುತ್ತದೆ.

ಕಡೆಗೆ ಆ ದಿಬ್ಬ. ರಸ್ತೆಯ ಹಿಮ ತೆಗೆಯುವ ವಾಹನ ಹಾದುಹೋದಾಗ ಡ್ರೈವ್‌ವೇ ಬಾಯಿಗೆ ಒತ್ತಿ ಬಿಟ್ಟುಹೋಗುವ ಗೋಡೆ ಅದು. ಅದು ಬರೀ ಹಿಮವಲ್ಲ. ಕರಗಿದ ನೀರು, ಉಪ್ಪು, ಮಂಜುಗಡ್ಡೆಯ ತುಂಡುಗಳು ಕಲೆತು ಗಟ್ಟಿಯಾದದ್ದು. ಅಂಗಳದ ಹಿಮಕ್ಕಿಂತ ಎರಡು ಮೂರು ಪಟ್ಟು ಭಾರ, ಅದೂ ಸ್ನಾಯುಗಳು ದಣಿದು, ಗಡಿಯಾರ ಓಡುತ್ತಿರುವ ಹೊತ್ತಿನಲ್ಲಿ ಎದುರಾಗುತ್ತದೆ. ಹದಿನೆಂಟು ವರ್ಷಗಳ ಹಿಂದೆ ನನ್ನ ಬೆನ್ನೂ ಅಲ್ಲಿಯೇ ಹೋಯಿತು. ಮಗನನ್ನು ಶಾಲೆಗೆ ಬಿಡಬೇಕಿತ್ತು, ಅವನು ಕಾರಿನೊಳಗೆ ಕುಳಿತು ನೋಡುತ್ತಿದ್ದ. ಒಂದೇ ಒಂದು ತುಂಡು ಉಳಿದಿದೆ ಎಂದು ಸಲಿಕೆಯನ್ನು ಅದರಡಿಗೆ ತೂರಿಸಿ ಎಡಕ್ಕೆ ತಿರುಚಿ ಎತ್ತಿದೆ. ಬಲಸೊಂಟದಲ್ಲಿ ಬಿಸಿನೀರು ಸುರಿದಂತಾಯಿತು. ಸಲಿಕೆಯನ್ನೇ ಊರಿಕೊಂಡು ನಿಂತೆ. ಮಗ ಇಳಿದು ಬಂದು ಕೈ ಹಿಡಿದುಕೊಂಡ. ಅವನಿಗಾಗ ಏಳು ವರ್ಷ. ಆಮೇಲೆ ಆ ದಿಬ್ಬವನ್ನು ನಾನು ಎಂದೂ ಕೊನೆಗೆ ಉಳಿಸಿಕೊಂಡಿಲ್ಲ. ಮೈ ಬೆಚ್ಚಗಾಗಲು ಐದು ನಿಮಿಷ ಕೊಟ್ಟು, ಎಲ್ಲಕ್ಕಿಂತ ಮೊದಲು ಅದನ್ನೇ ಒಡೆಯುತ್ತೇನೆ, ಸಲಿಕೆಯ ಅಂಚಿನಿಂದ ಮೇಲಿನಿಂದ ಕೆಳಕ್ಕೆ ಹೋಳು ಹೋಳಾಗಿ ಕತ್ತರಿಸಿ, ಒಂದೊಂದೇ ಹೋಳನ್ನು ಪಕ್ಕಕ್ಕೆ ಜಾರಿಸುತ್ತೇನೆ.

ಪ್ರಶ್ನೆ: ಬಾಗಿದ ಕಾವಿನ ಸಲಿಕೆಯಿಂದ ನಿಜವಾಗಿಯೂ ಉಪಯೋಗವಿದೆಯೇ?
— ಓದುಗರು, 36 ವರ್ಷ

ಉತ್ತರ: ಇದೆ. ಕಾವು ಬಾಗಿದ್ದರೆ ನೀವು ಅಷ್ಟು ಬಾಗಬೇಕಾಗಿಲ್ಲ. ಆದರೆ ಅದು ನಿಮ್ಮ ಎತ್ತರಕ್ಕೆ ಒಪ್ಪಬೇಕು: ಸಲಿಕೆ ನೆಟ್ಟಗೆ ನಿಲ್ಲಿಸಿದಾಗ ಹಿಡಿ ಎದೆಯ ಮಟ್ಟಕ್ಕೆ ಬರಲಿ. ಕಾವಿನ ಕೆಳಭಾಗಕ್ಕೆ ಸಿಕ್ಕಿಸುವ ಎರಡನೆಯ ಹಿಡಿ ಸಿಗುತ್ತದೆ, ಅದು ಇನ್ನೂ ಒಳ್ಳೆಯದು. ದೊಡ್ಡ ಅಗಲದ ಸಲಿಕೆ ತಳ್ಳಲಿಕ್ಕೆ ಮಾತ್ರ, ಅದರಲ್ಲಿ ಎತ್ತಬೇಡಿ. ಎತ್ತಲು ಚಿಕ್ಕ, ಹಗುರವಾದ ಪ್ಲಾಸ್ಟಿಕ್ಕಿನದು ಇರಲಿ. ಸಲಿಕೆಗೆ ಮೇಣ ಅಥವಾ ಸಿಲಿಕೋನ್ ಸ್ಪ್ರೇ ಹಚ್ಚಿಕೊಂಡರೆ ಒದ್ದೆ ಹಿಮ ಅಂಟುವುದಿಲ್ಲ. ಅಂಟಿದ ಹಿಮವನ್ನು ಕೊಡವಲು ಮಾಡುವ ಆ ಜಾಡಿಸುವಿಕೆಯೇ ಎಷ್ಟೋ ಜನರ ಬೆನ್ನು ಉಳುಕಿಸಿದೆ. ಪಾದಕ್ಕೆ ಜಾರದ ಬೂಟು ಇಲ್ಲದಿದ್ದರೆ ಇದ್ಯಾವುದೂ ಲೆಕ್ಕಕ್ಕಿಲ್ಲ.

ಪ್ರಶ್ನೆ: ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಹಿಮ ತೆಗೆಯಬಹುದೇ?
— ಓದುಗರು, 51 ವರ್ಷ

ಉತ್ತರ: ಆರೋಗ್ಯವಾಗಿರುವ ಬೆನ್ನಿಗೆ ಬೆಲ್ಟ್ ರಕ್ಷಣೆ ಕೊಡುತ್ತದೆ ಎಂಬುದು ಸಾಬೀತಾಗಿಲ್ಲ. ಕಟ್ಟಿಕೊಂಡಿದ್ದೇನಲ್ಲ ಎಂಬ ಧೈರ್ಯದಲ್ಲಿ ಇನ್ನಷ್ಟು ಎತ್ತುವವರನ್ನು ಮಾತ್ರ ಕಂಡಿದ್ದೇನೆ. ಬೇಡ.

ಪ್ರಶ್ನೆ: ನಮ್ಮ ಮಾವನವರಿಗೆ 68 ವರ್ಷ. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಬೆನ್ನು ಗಟ್ಟಿಯಾಗಿದೆ ಎಂದು ಹೇಳಿ, ನಾವು ಏಳುವ ಮುಂಚೆಯೇ ಹೊರಗೆ ಹೋಗಿ ಹಿಮ ತೆಗೆಯುತ್ತಾರೆ. ಬೇಡವೆಂದರೆ ನೊಂದುಕೊಳ್ಳುತ್ತಾರೆ.
— ಸೊಸೆ

ಉತ್ತರ: ಅಮ್ಮಾ, ಈ ವಿಷಯದಲ್ಲಿ ಅವರು ನೊಂದುಕೊಂಡರೂ ಪರವಾಗಿಲ್ಲ, ತಡೆಯಿರಿ. ಅಮೆರಿಕದಲ್ಲಿ 1990ರಿಂದ 2006ರವರೆಗೆ ಹಿಮ ಎತ್ತುವಾಗ ಪೆಟ್ಟಾಗಿಯೋ ಅಸ್ವಸ್ಥರಾಗಿಯೋ ತುರ್ತು ಚಿಕಿತ್ಸೆಗೆ ಬಂದವರನ್ನು ಲೆಕ್ಕ ಹಾಕಿದ್ದರು; ವರ್ಷಕ್ಕೆ ಸರಾಸರಿ 11,500 ಮಂದಿ. ಮೂವರಲ್ಲಿ ಒಬ್ಬರದು ಸೊಂಟದ ತೊಂದರೆ. ಹೃದಯದ ತೊಂದರೆಯವರು ನೂರಕ್ಕೆ ಏಳು ಮಂದಿ ಮಾತ್ರ, ಆದರೆ ಸಾವುಗಳೆಲ್ಲ ಸಂಭವಿಸಿದ್ದು ಆ ಏಳರಲ್ಲೇ. ಚಳಿಗೆ ರಕ್ತನಾಳ ಕುಗ್ಗುತ್ತದೆ, ತೋಳಿನ ಕೆಲಸಕ್ಕೆ ರಕ್ತದೊತ್ತಡ ಏರುತ್ತದೆ, ಭಾರ ಎತ್ತುವಾಗ ಉಸಿರು ಕಟ್ಟಿಕೊಳ್ಳುತ್ತೇವೆ. ಮೂರೂ ಒಂದೇ ಕ್ಷಣದಲ್ಲಿ ಹೃದಯದ ಮೇಲೆ ಬೀಳುತ್ತವೆ.

ಬರೀ ‘ಬೇಡ’ ಎನ್ನಬೇಡಿ. ಅವರಿಗೆ ಬೇಕಾಗಿರುವುದು ಮನೆಗೆ ಉಪಯೋಗಕ್ಕೆ ಬರುವ ಒಂದು ಕೆಲಸ. ಮೆಟ್ಟಿಲಿಗೆ ಉಪ್ಪು, ಮರಳು ಉದುರಿಸುವುದನ್ನು ವೈದ್ಯರು ಒಪ್ಪಿದರೆ ಅವರಿಗೇ ಒಪ್ಪಿಸಿ. ಸಲಿಕೆಯನ್ನು ರಾತ್ರಿಯೇ ನಿಮ್ಮ ಕೋಣೆಯಲ್ಲಿ ಇಟ್ಟುಕೊಳ್ಳಿ. ಎದೆ ಬಿಗಿತ, ತೋಳು ಅಥವಾ ದವಡೆಯಲ್ಲಿ ನೋವು, ತಣ್ಣನೆಯ ಬೆವರು, ಏದುಸಿರು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಂಬುಲೆನ್ಸ್ ಕರೆಯಿರಿ.

ಪ್ರಶ್ನೆ: ಹಿಮ ತೆಗೆಯುತ್ತಿರುವಾಗಲೇ ಸೊಂಟ ಹಿಡಿದುಕೊಂಡರೆ ಏನು ಮಾಡಬೇಕು? ಎಷ್ಟು ದಿನ ಮಲಗಿರಬೇಕು?
— ಓದುಗರು, 29 ವರ್ಷ

ಉತ್ತರ: ಸಲಿಕೆಯನ್ನು ಅಲ್ಲಿಯೇ ಬಿಡಿ. ಉಳಿದದ್ದನ್ನು ಮುಗಿಸಿಬಿಡುತ್ತೇನೆ ಎನ್ನಬೇಡಿ. ಮೊದಲ ಸೆಳೆತದ ಬಳಿಕ ಎತ್ತಿದ ನಾಲ್ಕು ಸಲಿಕೆ ಎರಡು ದಿನದ ನೋವನ್ನು ಎರಡು ತಿಂಗಳಿಗೆ ಒಯ್ದದ್ದನ್ನು ನೋಡಿದ್ದೇನೆ. ಒಳಗೆ ಹೋಗಿ, ಒದ್ದೆ ಬಟ್ಟೆ ಬದಲಿಸಿ, ಅಂಗಾತ ಮಲಗಿ ಮೊಣಕಾಲುಗಳ ಕೆಳಗೆ ದಿಂಬು ಇಟ್ಟುಕೊಳ್ಳಿ. ಬಿಸಿನೀರಿನ ಚೀಲದ ಕಾವು ಹಿತವಾಗಿದ್ದರೆ ಕೊಡಿ. ಆದರೆ ದಿನಗಟ್ಟಲೆ ಮಲಗಬೇಡಿ. ಹಿಂದೆ ವಾರಗಟ್ಟಲೆ ಹಾಸಿಗೆ ಹಿಡಿಸುತ್ತಿದ್ದರು; ಅದರಿಂದ ಗುಣವಾಗುವುದು ತಡವಾಗುತ್ತದೆಯೇ ಹೊರತು ಬೇಗವಾಗುವುದಿಲ್ಲ ಎಂದು ಈಗ ಸ್ಪಷ್ಟವಾಗಿದೆ. ಅಂದೇ ಗಂಟೆಗೊಮ್ಮೆ ಎದ್ದು ಕೋಣೆಯೊಳಗೆ ನಾಲ್ಕು ಹೆಜ್ಜೆ ನಡೆಯಿರಿ, ಮರುದಿನ ಇನ್ನಷ್ಟು. ಹೆಚ್ಚಿನ ನೋವು ಕೆಲವೇ ವಾರಗಳಲ್ಲಿ ತಾನಾಗಿ ಇಳಿಯುತ್ತದೆ.

ನೋವು ಮೊಣಕಾಲಿನಿಂದ ಕೆಳಗೆ ಇಳಿದು ಜೋಮು ಹಿಡಿದರೆ ಒಂದೆರಡು ದಿನದಲ್ಲಿ ವೈದ್ಯರಿಗೆ ತೋರಿಸಿ. ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ತೊಡೆಸಂದಿಯ ಸುತ್ತ, ಕುಳಿತಾಗ ನೆಲಕ್ಕೆ ತಾಗುವ ಜಾಗದಲ್ಲಿ ಸ್ಪರ್ಶ ತಿಳಿಯದಿದ್ದರೆ, ಪಾದ ಎತ್ತಲಾಗದೆ ನೆಲಕ್ಕೆ ಎಳೆದರೆ, ಬೆಳಗಾಗಲಿ ಎಂದು ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ, ಮತ್ತು ಅಲ್ಲಿ ಮೊದಲು ಹೇಳಬೇಕಾದದ್ದು ಬೆನ್ನುನೋವನ್ನಲ್ಲ, ಈ ಲಕ್ಷಣಗಳನ್ನು.